ಮಡಚುವ ಚಾಕು ಹುಡುಕಿಕೊಂಡು, ಬಾಗಲಗುಂಟೆಯಿಂದ ಅಟ್ಟೂರಿನವರೆಗೆ

ಮಾರ್ಚ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಬಾಗಲಗುಂಟೆಯ ಮನೆಯಿಂದ ಹೊರಟೆ. ಹೋಗಿಬರುವ ದೂರ ಎಲ್ಲ ಸೇರಿ ಐವತ್ತು ಕಿಲೋಮೀಟರ್ ದಾಟಲಿಕ್ಕಿಲ್ಲ. ಇಷ್ಟಕ್ಕೇ ಪ್ರವಾಸ ಎಂದು ಬರೆಯಲು ಕೂತಿದ್ದಾನಲ್ಲ ಎಂದು ನಗುವವರು ನಗಲಿ. ಹೊರಟದ್ದು ಒಂದು ಮಡಚುವ ಚಾಕು ಕೊಳ್ಳಲು. ಕಾಡಂಚಿನಲ್ಲಿ ಟೆಂಟು ಹಾಕಿದಾಗ ಗೂಟ ಚೂಪು ಮಾಡಲು, ಹಗ್ಗ ಕೊಯ್ಯಲು, ಬೆಂಕಿ ಹೊತ್ತಿಸಲು ಕಟ್ಟಿಗೆಯ ಸಿಪ್ಪೆ ಹೆರೆಯಲು ಬೇಕಾಗುವಂಥದ್ದು. ಅಂಥ ಚಾಕು ನನಗೆ ಬೇಕಾಗಿತ್ತೇ ಎಂದರೆ ನಿಜವಾಗಿ ಇರಲಿಲ್ಲ. ಹೊಟ್ಟೆಕಿಚ್ಚಿಗೆ ಹೊರಟಿದ್ದೆ.

ನಾನು ದಾಸರಹಳ್ಳಿಯ ಪಕ್ಕ ಅಚ್ಚು, ಉಪಕರಣ ತಯಾರಿಸುವ ಒಂದು ಟೂಲ್ ರೂಮಿನಲ್ಲಿ ಫಿಟ್ಟರ್. ಎಂಟು ವರ್ಷದ ಹಿಂದೆ ಆರ್.ಟಿ. ನಗರದ ರಿಯಾಜ್ ಎಂಬವನು ಚರ್ಮಕ್ಕೆ ತೂತು ಹೊಡೆಯುವ ಪಂಚು ಮಾಡಿಸಲು ನಮ್ಮಲ್ಲಿಗೆ ಬಂದಿದ್ದ. ಕಾರಿನ ಸೀಟಿಗೆ ಕವರ್ ಹೊಲಿಯುವುದು ಅವನ ಕೆಲಸ. ಪಂಚು ಮಾಡಿಕೊಟ್ಟೆ, ಸ್ನೇಹವಾಯಿತು. ಅಂದಿನಿಂದ ತಿಂಗಳಿಗೊಂದು ಸಲ ನಾವಿಬ್ಬರೇ ಮಾಕಳಿದುರ್ಗ ಬೆಟ್ಟದ ಕೆಳಗೆ ಪರಿಚಯದವರ ಜಮೀನಿನಲ್ಲಿ ಟೆಂಟು ಹಾಕಿ ಬರುತ್ತಿದ್ದೆವು. ಅಡುಗೆ ಅವನದು, ಸೌದೆ ಮತ್ತು ಬೆಂಕಿ ನನ್ನದು. ಮನೆಯಲ್ಲಿ ಹೆಂಡತಿಗೂ ಹೇಳದ ಮಾತುಗಳನ್ನು ಅಲ್ಲಿ ಅವನಿಗೆ ಹೇಳಿದ್ದೇನೆ.

ಹೋದ ವರ್ಷ ಇದರೊಳಗೆ ಅಟ್ಟೂರಿನ ವಿನಯ್ ಸೇರಿಕೊಂಡ. ತಾತನ ರಾಗಿ ಹೊಲವೆಲ್ಲ ಲೇಔಟ್ ಆಗಿ, ಈಗ ಬಾಡಿಗೆ ಕಟ್ಟಡ ಕಟ್ಟಿಸುವ ಮನೆತನ. ತನ್ನ ದೊಡ್ಡ ಕಪ್ಪು ಕಾರಿಗೆ ಸೀಟು ಹೊಲಿಸಲು ರಿಯಾಜನಲ್ಲಿಗೆ ಹೋದವನು ಅಲ್ಲೇ ಅಂಟಿಕೊಂಡ. ಮೊದಲ ಸಲ ನಮ್ಮ ಜೊತೆ ಬಂದಾಗ ಜೇಬಿನಿಂದ ಪರದೇಶದ ಮಡಚುವ ಚಾಕು ತೆಗೆದು, ಒಂದೇ ಹೆಬ್ಬೆರಳಲ್ಲಿ ಟಕ್ಕೆಂದು ಬಿಚ್ಚಿದ. ರಿಯಾಜ್ ಅದನ್ನು ತಿರುಗಿಸಿ ತಿರುಗಿಸಿ ನೋಡಿ ವ್ಹಾ ಎಂದ. ನನ್ನ ಚಾಕು ನಾನೇ ಮಾಡಿಕೊಂಡದ್ದು. ಕಬ್ಬಿಣ ಕೊಯ್ಯುವ ಪವರ್ ಹ್ಯಾಕ್ಸಾದ ಸವೆದ ಬ್ಲೇಡನ್ನು ಉಜ್ಜಿ, ಹಿಡಿಗೆ ಸೈಕಲ್ ಟ್ಯೂಬು ಸುತ್ತಿದ್ದು. ಎಂಟು ವರ್ಷದಲ್ಲಿ ಅದಕ್ಕೆ ಒಂದು ಸಲವೂ ವ್ಹಾ ಸಿಕ್ಕಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದುಕೊಂಡು ಅದನ್ನು ಬ್ಯಾಗಿನೊಳಗೇ ಬಿಟ್ಟೆ.

ಆಮೇಲೆ ಅವರಿಬ್ಬರೇ ಕಾರಿನಲ್ಲಿ ನಂದಿ ಕಡೆ ಹೋಗಿ ಬಂದ ಫೋಟೋ ನೋಡಿದೆ. ಆ ದಿನ ನನಗೆ ಓವರ್‌ಟೈಮ್ ಇತ್ತು, ಕರೆದಿದ್ದರೂ ಹೋಗಲು ಆಗುತ್ತಿರಲಿಲ್ಲ. ಆದರೆ ಕರೆಯಬಹುದಿತ್ತು. ಹೋದ ತಿಂಗಳು ಇದೇ ವಿನಯ್ ನಮ್ಮ ಅಡ್ಡರಸ್ತೆಗೆ ಕಾರು ತಂದು ನಿಲ್ಲಿಸಿ, ಒಂದು ಸಣ್ಣ ಡಬ್ಬಿ ಚಾಚಿ, ನಿಮಗೆ ಒಂದು ಚಾಕು ತಂದಿದ್ದೇನೆ ಎಂದ. ನಾನು ಮುಚ್ಚಳವನ್ನೂ ತೆಗೆಯಲಿಲ್ಲ. ನಮಗೂ ಕೈಯಿದೆ, ಚಾಕೂ ಇದೆ, ನೀವೇ ಇಟ್ಟುಕೊಳ್ಳಿ ಎಂದು ಬಾಗಿಲಿಂದಲೇ ಕಳಿಸಿದೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ ಎಂದು ಅವನು ಹೋದ ಮೇಲೆ ಹೇಳಿಕೊಂಡೆ. ಹೆಂಡತಿ ಸುಧಾ, ಕೊಟ್ಟವರ ಎದುರು ತೆರೆದಾದರೂ ನೋಡಬಾರದಿತ್ತೇ ಎಂದಳು. ಅವಳಿಗೇನು ಗೊತ್ತು.

ಅಂದಿನಿಂದ ರಿಯಾಜನ ಫೋನು ಕಡಿಮೆಯಾಯಿತು. ನಾನು ಮಾಡಿದರೆ, ಹೂಂ, ಸರಿ, ನೋಡೋಣ, ಇಷ್ಟೇ. ಬರುವ ಶನಿವಾರ ಮೂವರೂ ಮಾಕಳಿದುರ್ಗಕ್ಕೆ ಹೋಗುವುದೆಂದು ಗ್ರೂಪಿನಲ್ಲಿ ಬರೆದಿದ್ದ, ನನಗೆ ಬೇರೆಯಾಗಿ ಹೇಳಿರಲಿಲ್ಲ. ಎಂಟು ವರ್ಷದ ಸ್ನೇಹ ಕೈಜಾರುತ್ತಿದೆ ಎನ್ನುವುದು ನನಗೆ ಸ್ಪಷ್ಟವಾಗಿತ್ತು. ಶನಿವಾರ ಬೆಂಕಿಯ ಮುಂದೆ ವಿನಯನದಕ್ಕಿಂತ ಒಳ್ಳೆಯ ಚಾಕು ನನ್ನ ಕೈಯಲ್ಲಿ ಇದ್ದರೆ ಎಲ್ಲ ಮೊದಲಿನ ಹಾಗೆ ಆಗುತ್ತದೆ ಎಂದು ಅದು ಹೇಗೋ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

ಮೊದಲ ಎಡವಟ್ಟು ದಾಸರಹಳ್ಳಿ ಮೆಟ್ರೋ ನಿಲ್ದಾಣದಲ್ಲೇ ಆಯಿತು. ಹೋಲಿಸಿ ನೋಡಲು ಇರಲಿ ಎಂದು ನನ್ನ ಹಳೆಯ ಚಾಕುವನ್ನು ಬ್ಯಾಗಿಗೆ ಹಾಕಿಕೊಂಡಿದ್ದೆ. ಸ್ಕ್ಯಾನರಿನಿಂದ ಬ್ಯಾಗು ಹೊರಬರುತ್ತಲೇ ಕಾವಲಿನ ಹೆಂಗಸು ಪಕ್ಕಕ್ಕೆ ಕರೆದರು. ಇದನ್ನು ಇಟ್ಟುಕೊಂಡು ಒಳಗೆ ಹೋಗುವಂತಿಲ್ಲ ಎಂದರು. ನಾನು ಫಿಟ್ಟರ್, ಇದು ನನ್ನ ಕೆಲಸದ ಸಾಮಾನು ಎಂದೆ. ಅವರು ಸೈಕಲ್ ಟ್ಯೂಬಿನ ಹಿಡಿಯನ್ನು ನೋಡಿದರು, ನನ್ನನ್ನು ನೋಡಿದರು, ಸುಮ್ಮನೆ ಹೊರಗಿನ ಮೆಟ್ಟಿಲು ತೋರಿಸಿದರು. ಕೆಳಗಿಳಿದು ಬಸ್ಸು ಹಿಡಿದೆ. ಯಶವಂತಪುರಕ್ಕೆ ಇಪ್ಪತ್ತಮೂರು ರೂಪಾಯಿ. ಗೊರಗುಂಟೆಪಾಳ್ಯದಲ್ಲಿ ಭಾನುವಾರವೆಂಬ ರಿಯಾಯಿತಿಯೂ ಇಲ್ಲದೆ ಟ್ರಾಫಿಕ್ಕಿನಲ್ಲಿ ಇಪ್ಪತ್ತು ನಿಮಿಷ ನಿಂತೆವು.

ಯಶವಂತಪುರದಲ್ಲಿ ಎರಡು ತಟ್ಟೆ ಇಡ್ಲಿ, ಒಂದು ವಡೆ ತಿಂದು ಮಾರುಕಟ್ಟೆಯ ಬೀದಿಗೆ ಹೋದೆ. ಕುಡುಗೋಲು, ಮಚ್ಚು, ತೆಂಗಿನ ತುರಿಮಣೆ ನೇತುಹಾಕಿದ ಹಳೆಯ ಅಂಗಡಿ ಅಲ್ಲಿದೆ. ದಪ್ಪ ಕನ್ನಡಕದ ಯಜಮಾನರು ಮಡಚುವ ಚಾಕು ಎಂದ ಕೂಡಲೇ ಡ್ರಾಯರಿನಿಂದ ಹತ್ತು ಹನ್ನೆರಡು ತೆಗೆದು ಗಾಜಿನ ಮೇಲೆ ಸುರಿದರು. ಉಕ್ಕು ನೋಡುವುದು ನನಗೆ ಹೇಳಿಕೊಡಬೇಕಿಲ್ಲ. ಒಂದೊಂದನ್ನೇ ಬಿಚ್ಚಿ ಅಲಗಿನ ತುದಿ ಹಿಡಿದು ಅಲ್ಲಾಡಿಸಿದೆ. ಏಳು ಚಾಕುಗಳು ಕೀಲಿನ ಹತ್ತಿರವೇ ಕಿಟಕಿಟ ಎಂದವು. ಇನ್ನೆರಡರ ಅಲಗು ಮಡಚಿದಾಗ ನಡುವಿಗೆ ಕೂರದೆ ಒಂದು ಪಕ್ಕಕ್ಕೆ ಉಜ್ಜುತ್ತಿತ್ತು. ನಾನು ಹೊಳಪನ್ನೂ ಅಂಚನ್ನೂ ನೋಡುತ್ತಿದ್ದಾಗ ಯಜಮಾನರು ತಡೆದರು.

"ಮಡಚೋ ಚಾಕು ತಗೊಳ್ಳೋರೆಲ್ಲ ಅಲಗು ನೋಡ್ತಾರೆ ಕಣ್ರೀ. ನೋಡ್ಬೇಕಾಗಿರೋದು ಬೀಗ. ಮೊಂಡಾದ್ರೆ ಮಸೀಬೋದು, ಬೀಗ ಕೈಕೊಟ್ರೆ ಬೆರಳು ಹೋಗತ್ತೆ."

ಮಾತು ನಿಜ. ಬಿಚ್ಚಿದ ಅಲಗು ತಾನಾಗಿ ಮಡಚಿಕೊಳ್ಳದಂತೆ ತಡೆಯುವ ಸಣ್ಣ ಪಟ್ಟಿಯೇ ಬೀಗ. ಅವರು ಹೇಳಿದಂತೆ ಅಲಗಿನ ಬೆನ್ನನ್ನು ಮರದ ತುಂಡಿಗೆ ಮೆಲ್ಲಗೆ ಕುಟ್ಟಿ ನೋಡಿದೆ. ಉಳಿದ ಮೂರರಲ್ಲಿ ಒಂದರ ಬೀಗ ಅಲ್ಲೇ ಬಿಟ್ಟುಕೊಂಡಿತು. ಸೌದೆ ಸೀಳುವುದಿದ್ದರೆ ಮಡಚುವ ಚಾಕುವನ್ನು ಮುಟ್ಟಲೇ ಬೇಡಿ, ಹೊಡೆತಕ್ಕೆ ಕೀಲು ಸಡಿಲವಾಗುತ್ತದೆ, ಅದಕ್ಕೆ ಮಚ್ಚು ಒಯ್ಯಿರಿ ಎಂದೂ ಹೇಳಿದರು. ಅವರಿಗೆ ನನ್ನ ಹಳೆಯ ಚಾಕು ತೋರಿಸಿದೆ. ಕನ್ನಡಕ ಮೇಲೆತ್ತಿ ನೋಡಿ, ಇದು ಇದ್ದ ಮೇಲೆ ಇನ್ನೊಂದು ಯಾಕೆ ಎಂದರು. ನಾನು ಅದನ್ನು ಬ್ಯಾಗಿಗೆ ಹಾಕಿ, ಉಳಿದ ಎರಡನ್ನು ಮತ್ತೆ ಕೈಗೆತ್ತಿಕೊಂಡೆ.

ಚೆನ್ನಾಗಿದ್ದ ಎರಡು ಚಾಕುಗಳಲ್ಲಿ ಬೇರೆಯೇ ತೊಂದರೆ. ಇಪ್ಪತ್ತೊಂದನೇ ವಯಸ್ಸಿನಲ್ಲಿ ನನ್ನ ಬಲಗೈ ಹೆಬ್ಬೆರಳು ತಗಡು ಒತ್ತುವ ಪವರ್ ಪ್ರೆಸ್ಸಿಗೆ ಸಿಕ್ಕಿತ್ತು. ಬೆರಳು ಉಳಿಯಿತು, ಗೆಣ್ಣು ಮಡಚುವುದಿಲ್ಲ. ಈ ಎರಡೂ ಚಾಕುಗಳ ಅಲಗಿನಲ್ಲಿ ಉಗುರು ಸಿಕ್ಕಿಸಿ ಎಳೆಯುವ ಗೀಟು ಮಾತ್ರ ಇತ್ತು. ನನ್ನ ಬೆರಳು ಅದರ ಮೇಲೆ ಮೂರು ಸಲ ಜಾರಿತು. ನಾಲ್ಕನೇ ಸಲ ಯಜಮಾನರು ಬೇರೆಡೆ ನೋಡತೊಡಗಿದರು. ವಿನಯ್ ಒಂದೇ ಹೆಬ್ಬೆರಳಲ್ಲಿ ಬಿಚ್ಚಿದ ಟಕ್ ಸದ್ದು ಕಿವಿಯಲ್ಲಿ ಇನ್ನೊಮ್ಮೆ ಕೇಳಿಸಿತು. ಆರ್.ಟಿ. ನಗರದಲ್ಲಿ ಟೆಂಟು, ಮಲಗುವ ಚೀಲ ಮಾರುವ ಒಂದು ಅಂಗಡಿ ಇದೆ, ಅಲ್ಲಿ ಕೈಗೆ ತಕ್ಕ ಹಾಗೆ ತೋರಿಸುತ್ತಾರೆ ಎಂದು ಅವರೇ ವಿಳಾಸ ಬರೆದುಕೊಟ್ಟರು.

ಆಟೋದವನು ನೂರಾ ಎಂಬತ್ತು ಕೇಳಿ ನೂರೈವತ್ತಕ್ಕೆ ಒಪ್ಪಿದ. ಮೇಖ್ರಿ ಸರ್ಕಲ್ ದಾಟುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಅಂಗಡಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿತ್ತು. ನಡೆಸುವವರು ಶಾಹಿನಾ ಎಂಬ ನಲವತ್ತರ ಆಸುಪಾಸಿನ ಹೆಂಗಸು. ಕಡುನೀಲಿ ದುಪಟ್ಟಾ ತಲೆಯ ಮೇಲೆ ಎಳೆದುಕೊಂಡು ಟೆಂಟಿನ ಹರಿದ ಜಾಲರಿಗೆ ಹೊಲಿಗೆ ಹಾಕುತ್ತಿದ್ದರು. ಫೋನಿನಲ್ಲಿ ಯಾರಿಗೋ ದಖ್ಖನಿ ಉರ್ದುವಿನಲ್ಲಿ ಬೈದು ಮುಗಿಸಿ, ನನ್ನ ಕಡೆ ತಿರುಗಿದಾಗ ತಣ್ಣಗೆ ಏನು ಬೇಕು ಸಾರ್ ಎಂದರು.

ನಾನು ಮಡಚುವ ಚಾಕು ಎಂದೆ. ಹೆಬ್ಬೆರಳು ಬಗ್ಗುವುದಿಲ್ಲ, ಬೇರೆ ಥರ ತೆರೆಯುವಂಥದ್ದು ಬೇಕು ಎಂದು ಕೈ ಚಾಚಿ ತೋರಿಸಿದೆ. ಅವರು ಬೆರಳು ನೋಡಿದವರೇ ಸೂಜಿ ಕೆಳಗಿಟ್ಟರು.

"ನೀವು ರುದ್ರೇಶ್ ಅವ್ರಲ್ವಾ? ರಿಯಾಜ್ ಭಾಯ್ ದೋಸ್ತು? ಚಾಕು ತಗೊಂಡು ಒಂದು ತಿಂಗಳೇ ಆಯ್ತಲ್ಲ ಸಾರ್, ಏನಾದ್ರೂ ಕಂಪ್ಲೇಂಟಾ?"

ಯಾವ ಚಾಕು ಎಂದು ಕೇಳಿದೆ. ಅವರು ಹೇಳಿದ್ದನ್ನೆಲ್ಲ ನಿಂತೇ ಕೇಳಿಸಿಕೊಂಡೆ. ಹೋದ ತಿಂಗಳು ರಿಯಾಜ್ ಒಬ್ಬ ಎತ್ತರದ ಗೆಳೆಯನ ಜೊತೆ ಬಂದಿದ್ದನಂತೆ. ಒಂದು ಗಂಟೆಗೂ ಹೆಚ್ಚು ಕೂತಿದ್ದನಂತೆ. ತನ್ನ ಬಲಗೈ ಹೆಬ್ಬೆರಳಿಗೆ ಸೀಟು ಹೊಲಿಯುವ ಟೇಪನ್ನು ಗಟ್ಟಿಯಾಗಿ ಸುತ್ತಿಕೊಂಡು, ಬೆರಳು ಬಗ್ಗದ ಹಾಗೆ ಮಾಡಿಕೊಂಡು, ಅಂಗಡಿಯಲ್ಲಿದ್ದ ಒಂದೊಂದು ಚಾಕುವನ್ನೂ ಬಿಚ್ಚಿ ನೋಡಿದನಂತೆ. ಕೊನೆಗೆ ಅಲಗಿನ ಬುಡದಲ್ಲಿ ಪುಟ್ಟ ಕೊಕ್ಕೆಯಿದ್ದ, ತೋರುಬೆರಳಲ್ಲಿ ಎಳೆದರೆ ತೆರೆಯುವ ಒಂದನ್ನು ಆರಿಸಿದನಂತೆ. ಆ ಮಾದರಿಯದು ಅದೊಂದೇ ಉಳಿದಿತ್ತು, ಮತ್ತೆ ಬಂದಿಲ್ಲ.

"ಆದ್ರೆ ಪ್ಯಾಕ್ ಮಾಡಿದ ಮೇಲೆ ಅವ್ರು ಮುಟ್ಲೇ ಇಲ್ಲ ಸಾರ್. ಅವ್ರ ದಾದಿ, ಅಂದ್ರೆ ಅಜ್ಜಿ, ಹೇಳ್ತಿದ್ರಂತೆ, ತನ್ನವರಿಗೆ ಅಲಗು ಕೊಟ್ರೆ ಸಂಬಂಧ ಕಡಿಯತ್ತೆ ಅಂತ. ಅದಕ್ಕೆ ನಾನು ಕೊಡಲ್ಲ, ನೀನು ಕೊಡು ಅಂತ ಜೊತೇಲಿದ್ದವ್ರ ಕೈಗೆ ಕೊಡಿಸಿದ್ರು. ಆ ಜೊತೆಯವ್ರ ಮುಖ ಸಣ್ಣಗಾಯ್ತು. ನಾನು ಕೊಟ್ರೆ ಕಡಿದು ಹೋದ್ರೂ ಪರವಾಗಿಲ್ವಾ ಅಂದ್ರು. ರಿಯಾಜ್ ಭಾಯ್ ನಕ್ಕುಬಿಟ್ರು."

ಅವರೇ ಒಂದು ಕುರ್ಚಿ ಎಳೆದು ಕೊಟ್ಟು, ಕೆಳಗಿನಿಂದ ಚಹಾ ತರಿಸಿದರು. ವಿನಯನ ಡಬ್ಬಿ ಎಂದುಕೊಂಡು ಬಾಗಿಲಿಂದ ವಾಪಸು ಕಳಿಸಿದ್ದು ರಿಯಾಜನ ಡಬ್ಬಿಯಾಗಿತ್ತು. ಅದು ನನ್ನ ಕೈ ಸೇರಿದೆ ಎಂದುಕೊಂಡು, ನಾನು ತೋರಿಸಿ ಒಂದು ಮಾತು ಆಡುತ್ತೇನೆಂದು ಅವನು ತಿಂಗಳಿಡೀ ಕಾದಿರಬೇಕು. ಎಂಟು ವರ್ಷದಲ್ಲಿ ನಾವು ಒಬ್ಬರಿಗೊಬ್ಬರು ಏನನ್ನೂ ಕೊಟ್ಟುಕೊಂಡವರಲ್ಲ. ಅವನ ಹೂಂ, ಸರಿ, ನೋಡೋಣ ಎಲ್ಲಿಂದ ಬಂತೆಂದು ಆ ಕುರ್ಚಿಯಲ್ಲಿ ಕೂತು ಅರ್ಥವಾಯಿತು.

ರಿಯಾಜನ ಅಂಗಡಿ ಅಲ್ಲಿಂದ ಎರಡು ರಸ್ತೆ ಆಚೆ. ಭಾನುವಾರ ಅವನಿಗೆ ಗಿರಾಕಿ ಹೆಚ್ಚು, ತೆರೆದೇ ಇರುತ್ತದೆ. ಮೂಲೆಯವರೆಗೆ ಹೋಗಿ ನಿಂತೆ. ಬರಿಗೈಯಲ್ಲಿ ಯಾವ ಮುಖ ಇಟ್ಟುಕೊಂಡು ಹೋಗುವುದು? ಮೊದಲು ಅಟ್ಟೂರಿಗೆ ಹೋಗಿ ವಿನಯನಿಂದ ಆ ಚಾಕು ಇಸಿದುಕೊಂಡು, ಆಮೇಲೆ ರಿಯಾಜನ ಮುಂದೆ ನಿಂತು ಬಿಚ್ಚಿ ತೋರಿಸುವುದೆಂದು ತೀರ್ಮಾನಿಸಿ ಹಿಂತಿರುಗಿದೆ. ಒಂದು ಮಾತು ಒಪ್ಪಿಕೊಳ್ಳಬೇಕು. ಅಷ್ಟು ಕೇಳಿದ ಮೇಲೂ ಹೊಟ್ಟೆಯ ಉರಿ ಆರಿರಲಿಲ್ಲ. ಆ ಒಂದು ಗಂಟೆ ರಿಯಾಜ್ ಬೆರಳಿಗೆ ಟೇಪು ಸುತ್ತಿಕೊಂಡು ಕೂತಿದ್ದಾಗ ಪಕ್ಕದಲ್ಲಿದ್ದವನು ವಿನಯ್. ಅದನ್ನು ನೋಡುವ ಭಾಗ್ಯವೂ ಅವನಿಗೇ ಸಿಕ್ಕಿತು.

ಹೆಬ್ಬಾಳದವರೆಗೆ ಒಂದು ಬಸ್ಸು, ಅಲ್ಲಿಂದ ಯಲಹಂಕ ಉಪನಗರಕ್ಕೆ ಇನ್ನೊಂದು. ಉಪನಗರದಲ್ಲಿ ಅನ್ನ ಸಾಂಬಾರು ತಿಂದೆ, ರುಚಿ ನೆನಪಿಲ್ಲ. ಅಟ್ಟೂರಿಗೆ ಎರಡು ಕಿಲೋಮೀಟರ್ ನಡೆದೇ ಹೋದೆ. ಹೊಸ ಲೇಔಟಿನ ನಾಲ್ಕಂತಸ್ತುಗಳ ನಡುವೆ ವಿನಯನ ಹಳೆಯ ಮನೆ ಹಾಗೇ ಉಳಿದಿದೆ, ಮುಂದೆ ಎರಡು ಹಸು ಕಟ್ಟಿವೆ. ಅವನ ತಾಯಿ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ, ಇಂಥ ಬಿಸಿಲಿನಲ್ಲಿ ನಡೆದು ಬಂದೆಯಲ್ಲಪ್ಪ ಎಂದು ಮಜ್ಜಿಗೆ ಕೊಟ್ಟರು. ಮೂರು ಲೋಟ ಕುಡಿದೆ.

ವಿನಯ್ ಒಳಗಿಂದ ಬಂದವನು ನನ್ನನ್ನು ನೋಡಿ ಜೇಬಿನ ಮೇಲೆ ಕೈಯಿಟ್ಟುಕೊಂಡ. ಆ ಚಾಕು ಅಲ್ಲೇ ಇದೆ ಎಂದು ನನಗೆ ಗೊತ್ತಾಯಿತು. ಶಾಹಿನಾ ಹೇಳಿದ್ದನ್ನೆಲ್ಲ ಹೇಳಿ, ಅದು ನನ್ನದು, ಕೊಡು ಎಂದೆ. ಅವನು ಚಾಕು ಹೊರತೆಗೆದು, ತೋರುಬೆರಳಲ್ಲಿ ಎಳೆದು ಬಿಚ್ಚಿದ. ನನ್ನ ಅಂಗೈಯ ಅಗಲದಷ್ಟೇ ಉದ್ದದ ಅಲಗು, ಗುಂಡಗಿನ ಮರದ ಹಿಡಿ, ಕೀಲಿನಲ್ಲಿ ಒಂದಿಷ್ಟೂ ಅಲುಗಾಟವಿಲ್ಲ. ಬೆಳಗ್ಗೆಯಿಂದ ನೋಡಿದ ಹನ್ನೆರಡು ಚಾಕುಗಳಲ್ಲಿ ಇಷ್ಟು ಚೆಂದದ್ದು ಒಂದೂ ಇರಲಿಲ್ಲ. ಮತ್ತೆ ಮಡಚಿ ಜೇಬಿಗಿಟ್ಟುಕೊಂಡ.

"ನೀವು ಬೇಡ ಅಂದ್ರಿ ಅಣ್ಣ. ಈಗ ಇದು ನಂದು, ಕೊಡಲ್ಲ."

ನಾನು ದನಿ ಏರಿಸಿದೆ. ತಾಯಿ ಅವರೆಕಾಯಿಯ ಮೊರ ಎತ್ತಿಕೊಂಡು ಒಳಗೆ ಹೋದರು. ಅವರು ಹೋದ ಮೇಲೆ ವಿನಯ್ ಹಸುವಿನ ಗೂಟದ ಪಕ್ಕದ ಕಲ್ಲಿನ ಮೇಲೆ ಕೂತ. ಅಷ್ಟು ಎತ್ತರದ ಮನುಷ್ಯ ಅಲ್ಲಿ ಕೂತದ್ದು ನೋಡಲು ಒಂಥರಾ ಇತ್ತು.

"ಒಂದ್ ವರ್ಷದಿಂದ ರಿಯಾಜ್‌ನ ಕಾರಲ್ಲಿ ಕರ್ಕೊಂಡ್ ಓಗ್ತೀನಿ, ಊಟ ಹಾಕಿಸ್ತೀನಿ. ದಾರಿ ಉದ್ದಕ್ಕೂ ಅವನ ಬಾಯಲ್ಲಿ ನಿಮ್ದೇ ಮಾತು. ರುದ್ರ ಇದ್ದಿದ್ರೆ ಬೆಂಕಿ ಇಂಗೆ ಆಕ್ತಿದ್ದ, ರುದ್ರ ಇದ್ದಿದ್ರೆ ಸೌದೆ ಅಂಗೆ ಜೋಡಿಸ್ತಿದ್ದ. ನನಗೆ ಅಂತ ಅವನು ಒಂದು ಪೆನ್ನೂ ಆರಿಸಿಲ್ಲ. ನೀವು ಬಾಗಿಲಲ್ಲೇ ಬೇಡ ಅಂದಾಗ ನನಗೆ ಖುಷಿ ಆಯ್ತು ಅಣ್ಣ. ನೀವು ತಗೊಂಡ್ರಿ ಅಂತ ಅವನಿಗೆ ಸುಳ್ಳು ಏಳಿ ಇಟ್ಕೊಂಡೆ."

ಕಾರು, ಕಟ್ಟಡ, ಪರದೇಶದ ಚಾಕು ಎಲ್ಲ ಇದ್ದವನು ಈ ಸೈಕಲ್ ಟ್ಯೂಬಿನ ಚಾಕುವಿನವನ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದ. ನನ್ನ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಟ್ಟಾರು ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಸುಳ್ಳೇಕೆ, ಅದಕ್ಕಿಂತ ಮೊದಲು ಖುಷಿಯಾಯಿತು. ರಿಯಾಜನಿಗೆ ಎಲ್ಲ ಹೇಳುತ್ತೇನೆ ಎಂದೆ. ಹೇಳಿ ಎಂದ. ಮಜ್ಜಿಗೆಯ ಲೋಟವನ್ನು ಜಗುಲಿಯ ಮೇಲಿಟ್ಟು ರಿಯಾಜನ ಅಂಗಡಿಯ ದಾರಿ ಹಿಡಿದೆ.

ಉಪನಗರದಲ್ಲಿ ಬಸ್ಸಿಗೆ ಅರ್ಧ ಗಂಟೆ ಕಾದೆ. ಬಂದ ಬಸ್ಸು ಕೊಡಿಗೇಹಳ್ಳಿ ದಾಟುವವರೆಗೆ ಚೆನ್ನಾಗಿಯೇ ಓಡಿತು. ಹೆಬ್ಬಾಳ ಕಣ್ಣಿಗೆ ಬೀಳುವಷ್ಟರಲ್ಲಿ ನಿಂತಿತು. ವಿಮಾನ ನಿಲ್ದಾಣದ ಕಡೆಯಿಂದ ಬರುವ ವಾಹನಗಳೆಲ್ಲ ಮೇಲ್ಸೇತುವೆಯ ಬಾಯಿಗೆ ಬಂದು ಕೂಡಿಕೊಂಡಿದ್ದವು. ಕಾಲು ಗಂಟೆಯಲ್ಲಿ ನಾಲ್ಕು ಮಾರು ಸರಿದಿರಬಹುದು. ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದಾಗ ಎರಡು ವಾಹನಗಳ ಮುಂದೆ ಪರಿಚಯದ ಕಪ್ಪು ಕಾರು ಕಾಣಿಸಿತು. ವಿನಯ್. ಭಾನುವಾರ ಸಂಜೆ ನಾಲ್ಕೂವರೆಗೆ ಅವನು ಎಲ್ಲಿಗೆ ಹೊರಟಿದ್ದಾನೆಂದು ಯಾರೂ ಹೇಳಬೇಕಿರಲಿಲ್ಲ. ಸುಳ್ಳು ಹೇಳಿದವನು ತಾನೇ ಮೊದಲು ಹೋಗಿ ಒಪ್ಪಿಕೊಂಡು ಒಳ್ಳೆಯವನಾಗಲು ಹೊರಟಿದ್ದ.

ಕಂಡಕ್ಟರಿಗೆ ಹೇಳಿ ಬಾಗಿಲು ತೆಗೆಸಿ ಇಳಿದೆ. ವಾಹನಗಳ ನಡುವೆ ನುಸುಳಿಕೊಂಡು ಹೋಗುವಾಗ ಅವನ ಕಿಟಕಿಯ ಪಕ್ಕವೇ ಹಾದೆ. ಅವನು ನೋಡಿದ, ಗಾಜು ಇಳಿಸಿದ. ಪಕ್ಕದ ಸೀಟಿನ ಮೇಲೆ ಆ ಸಣ್ಣ ಡಬ್ಬಿ ಇತ್ತು. ಚಾಕು ಮತ್ತೆ ಅದರೊಳಗೆ ಸೇರಿತ್ತು.

"ಹತ್ತಿ ಅಣ್ಣ. ಇಬ್ರೂ ಒಟ್ಟಿಗೇ ಬೈಸ್ಕೊಳ್ಳೋಣ."

ಕಾರಿನೊಳಗಿಂದ ತಣ್ಣನೆಯ ಗಾಳಿ ಮುಖಕ್ಕೆ ಬಂತು. ರಿಯಾಜ್ ಹೊಲಿದ ಸೀಟು, ಕಂದು ಬಣ್ಣದ ಚರ್ಮ, ದಾರ ಎಲ್ಲೂ ಸೊಟ್ಟಗಾಗಿರಲಿಲ್ಲ. ಹತ್ತಬಹುದಿತ್ತು. ಒಳ್ಳೆಯ ಮನುಷ್ಯ ಹತ್ತುತ್ತಿದ್ದ. ನಾನು ಮುಂದಿನ ಟ್ರಾಫಿಕ್ಕನ್ನು ನೋಡಿ, ನೀನು ಬಾ, ನಾನು ಹೋಗಿರುತ್ತೇನೆ ಎಂದೆ. ಅವನು ಏನೋ ಕೂಗಿದ್ದು ಹಾರನ್‌ಗಳ ನಡುವೆ ಕೇಳಿಸಲಿಲ್ಲ. ಸರ್ವಿಸ್ ರಸ್ತೆ ಹಿಡಿದು, ಮೇಲ್ಸೇತುವೆಯ ಕೆಳಗೆ ದಾಟಿ, ಗಂಗಾನಗರದ ಒಳಗಿನಿಂದ ನಡೆದೆ. ಅಂಗಿ ಬೆನ್ನಿಗೆ ಅಂಟಿತ್ತು. ನಾಲ್ಕು ದಶಕ ದಾಟಿದ ಮಂಡಿಗಳು ಏನೇನೋ ಹೇಳುತ್ತಿದ್ದವು. ಕೊನೆಯ ಎರಡು ರಸ್ತೆಗಳನ್ನು ಓಡಿದೆ ಎಂದೇ ಹೇಳಬೇಕು.

ರಿಯಾಜ್ ಅಂಗಡಿಯ ಮುಂದೆ ಒಂದು ಸೀಟನ್ನು ಮಗುಚಿಕೊಂಡು ಹಳೆಯ ಹೊಲಿಗೆ ಬಿಚ್ಚುತ್ತಿದ್ದ. ತಲೆ ಎತ್ತಿ ನೋಡಿ, ಯಾಕೆ ಓಡಿ ಬಂದೆ, ಮನೆಯಲ್ಲಿ ಎಲ್ಲ ಸರಿಯಿದೆಯಾ ಎಂದು ಎದ್ದು ನಿಂತ. ಉಸಿರು ತಿರುಗುವ ಮುಂಚೆಯೇ ಎಲ್ಲ ಹೇಳಿದೆ. ಡಬ್ಬಿ ಬಂದದ್ದು, ಹೊಟ್ಟೆಕಿಚ್ಚಿಗೆ ವಾಪಸು ಕಳಿಸಿದ್ದು, ಶಾಹಿನಾ ಹೇಳಿದ ಟೇಪಿನ ಕಥೆ, ಎಲ್ಲ. ಅವನು ಕೇಳುತ್ತಾ ಕೇಳುತ್ತಾ ಕೆಂಪಗಾದ. ಆಮೇಲೆ ಬೈಯಲು ಶುರು ಮಾಡಿದ. ಕನ್ನಡ ಮುಗಿದ ಮೇಲೆ ದಖ್ಖನಿಯಲ್ಲಿ ಬೈದ. ಒಂದು ತಿಂಗಳು ಫೋನಿನಲ್ಲಿ ಹೂಂ ಎಂದವನು ಅಷ್ಟೂ ಮಾತನ್ನು ಒಟ್ಟು ಮಾಡಿ ಇಟ್ಟುಕೊಂಡಿದ್ದ. ನಾನು ಅವನ ಮುಖವನ್ನೇ ನೋಡುತ್ತಾ ನಿಂತಿದ್ದೆ.

ಟ್ರಾಫಿಕ್ ಬಿಡಿಸಿಕೊಂಡು, ಪಾರ್ಕಿಂಗ್ ಸಿಗದೆ ಎರಡು ಸುತ್ತು ಹೊಡೆದು, ವಿನಯ್ ಡಬ್ಬಿ ಹಿಡಿದು ಬರುವ ಹೊತ್ತಿಗೆ ನಾನು ಬಂದು ಹನ್ನೊಂದು ನಿಮಿಷವಾಗಿತ್ತು. ಆ ಹನ್ನೊಂದು ನಿಮಿಷ ರಿಯಾಜ್ ಬೈದದ್ದೆಲ್ಲ ನನ್ನೊಬ್ಬನನ್ನೇ, ಅದರಲ್ಲಿ ವಿನಯನಿಗೆ ಪಾಲಿರಲಿಲ್ಲ.